ಕಗ್ಗ ಬೆಳೆಯುವ ಮನೆಗಳು

ಮೇ ತಿಂಗಳ ಕೊನೆಯಲ್ಲಿ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಒಡ್ಡಿನ ಮೇಲೆ ನಿಂತರೆ ಒಂದು ಮಗ್ಗುಲಲ್ಲಿ ಅಘನಾಶಿನಿಯ ಉಪ್ಪುನೀರು, ಇನ್ನೊಂದು ಮಗ್ಗುಲಲ್ಲಿ ಬಿರುಕುಬಿಟ್ಟ ಬೂದುಬಣ್ಣದ ಗದ್ದೆ. ಭರತ ಏರಿದ ಹೊತ್ತಿನಲ್ಲಿ ನೋಡಿದರೆ ಹೊಳೆಯ ನೀರು ಗದ್ದೆಗಿಂತ ಎತ್ತರದಲ್ಲಿರುತ್ತದೆ. ಒಡ್ಡು ಇಲ್ಲದಿದ್ದರೆ ಗದ್ದೆಯೇ ಇಲ್ಲ. ಒಣಗಿದ ಮಣ್ಣಿನ ಮೇಲೆ ಅಲ್ಲಲ್ಲಿ ಉಪ್ಪು ಬೆಳ್ಳಗೆ ಪೊರೆಗಟ್ಟಿದೆ, ಕಾಲಿಟ್ಟಲ್ಲಿ ಬಳಚಿನ ಚಿಪ್ಪು ಚುಚ್ಚುತ್ತದೆ. ಇಂಥ ನೆಲದಲ್ಲಿ ಭತ್ತ ಬೆಳೆಯುತ್ತಾರೆಂದರೆ ಘಟ್ಟದ ಮೇಲಿನವರು ನಂಬಲಿಕ್ಕಿಲ್ಲ. ಆದರೆ ಬೆಳೆಯುತ್ತಾರೆ, ತಲೆತಲಾಂತರದಿಂದ. ನೆಲಕ್ಕೆ ಗಜನಿ ಎಂದು ಹೆಸರು, ಭತ್ತಕ್ಕೆ ಕಗ್ಗ ಎಂದು.

ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಉಂಚಳ್ಳಿಯಲ್ಲಿ ಧುಮುಕಿ ಘಟ್ಟ ಇಳಿದ ಹೊಳೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಕಾಡಿನ ಮಣ್ಣನ್ನೂ ಕೊಳೆತ ಎಲೆಯನ್ನೂ ಹೊತ್ತು ತರುತ್ತದೆ. ಬೇಸಿಗೆಯಲ್ಲಿ ಸಮುದ್ರವೇ ಒಳಗೆ ಬಂದು ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಈ ಎರಡು ನೀರು ಕೂಡುವ ಕೆಸರನ್ನು ಹಿಂದಿನವರು ತುಂಡು ತುಂಡಾಗಿ ಒಡ್ಡು ಹಾಕಿ ಬೇರೆ ಮಾಡಿದರು. ಒಡ್ಡಿಗೊಂದು ಹಲಗೆಬಾಗಿಲು ಇಟ್ಟರು. ಇಳಿತದಲ್ಲಿ ಹಲಗೆ ಎತ್ತಿದರೆ ಗದ್ದೆಯ ನೀರು ಹೊರಗೆ ಹೋಗುತ್ತದೆ, ಭರತಕ್ಕೆ ಮುಂಚೆ ಇಳಿಸಿದರೆ ಉಪ್ಪುನೀರು ಹೊರಗೇ ನಿಲ್ಲುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಜೋರಾಗಿ ಏರುವುದರಿಂದ ಆ ರಾತ್ರಿಗಳಲ್ಲಿ ಯಾರಾದರೂ ಬಾಗಿಲ ಬಳಿ ಕಾವಲಿರಲೇಬೇಕು. ನನ್ನ ಅಮ್ಮನ ತವರು ಇಂಥದೇ ಒಂದು ಗಜನಿ ಊರು. ಆ ಮನೆಯ ಗಂಡಸರಿಗೆ ತಿಥಿ ಬಾಯಿಪಾಠವಾಗಿತ್ತು. ಪಂಚಾಂಗ ನೋಡಿ ಕಲಿತದ್ದಲ್ಲ, ಹಲಗೆ ಎತ್ತಿ ಇಳಿಸಿ ಕಲಿತದ್ದು.

ಬಿತ್ತನೆಯನ್ನು ಹತ್ತಿರದಿಂದ ನೋಡಬೇಕು. ಬೇಸಿಗೆಯಲ್ಲಿ ನೀರು ಬಸಿದು ಒಣಗಿಸಿದ ನೆಲವನ್ನು ಹದ ಮಾಡಿಟ್ಟು ಮಳೆಗೆ ಕಾಯುತ್ತಾರೆ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದು ಬಾಗಿಲ ಮೂಲಕ ಹೊರಗೆ ಹಾಕುತ್ತವೆ. ಇತ್ತ ಮನೆಯಲ್ಲಿ ಬೀಜ ನೆನೆಹಾಕಿ ಮೊಳಕೆ ಬರಿಸಿರುತ್ತಾರೆ. ಮೊಳಕೆಯನ್ನು ಹಾಗೇ ಚೆಲ್ಲಿದರೆ ಹಕ್ಕಿಗಳ ಪಾಲು, ಇಲ್ಲವೇ ನೀರಿನ ಪಾಲು. ಅದಕ್ಕೇ ಕೆಸರಿನಲ್ಲಿ ಕಲಸಿ ಉಂಡೆ ಕಟ್ಟುವ ರೂಢಿ. ಹೆಂಗಸರು ಸಾಲಾಗಿ ಕೂತು ಅಂಗೈಯಲ್ಲಿ ಕೆಸರು ಹಿಡಿದು, ಮೊಳಕೆ ಮುರಿಯದಷ್ಟು ಮೆತ್ತಗೆ ಒತ್ತುತ್ತಾರೆ. ಉಂಡೆ ಗಟ್ಟಿಯಾದರೆ ಬೀಜಕ್ಕೆ ಉಸಿರಿಲ್ಲ, ಸಡಿಲವಾದರೆ ಎಸೆದ ಕೂಡಲೇ ಒಡೆದು ತೇಲುತ್ತದೆ. ಎಷ್ಟು ಒತ್ತಬೇಕೆಂದು ಯಾರೂ ಬಾಯಲ್ಲಿ ಹೇಳಿಕೊಡುವುದಿಲ್ಲ. ಪಕ್ಕದಲ್ಲಿ ಕೂತ ಹುಡುಗಿಯ ಕೈಗೆ ಅತ್ತೆ ತನ್ನ ಕೈ ಸೇರಿಸಿ ಒತ್ತಿ ತೋರಿಸುತ್ತಾಳೆ, ಅಷ್ಟೇ ಪಾಠ. ಸೊಸೆಯಾಗಿ ಬಂದವಳು ಈ ಊರಿನವಳಾಗುವುದು ಅಲ್ಲಿಂದ.

ಆಮೇಲೆ ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ತಂದ ಮೆಕ್ಕಲೇ ಗೊಬ್ಬರ. ಆಷಾಢದಲ್ಲಿ ಹೊಳೆ ಉಕ್ಕಿ ಗದ್ದೆ ದಿನಗಟ್ಟಲೆ ಮುಳುಗಿದರೂ ಕಗ್ಗ ಕೊಳೆಯುವುದಿಲ್ಲ. ನೀರು ಇಳಿದ ಮೇಲೆ ಮತ್ತೆ ತಲೆ ಎತ್ತುತ್ತದೆ. ಆಳೆತ್ತರಕ್ಕೆ ಬೆಳೆಯುವ ಪೈರು, ಕಾಳಿಗೆ ಉದ್ದ ಮೀಸೆ, ಒಳಗೆ ಕೆಂಪಕ್ಕಿ. ಕರಿ ಕಗ್ಗ, ಬಿಳಿ ಕಗ್ಗ ಎಂದು ಬೇರೆ ಬೇರೆ ತಳಿ ಗುರುತಿಸುತ್ತಾರೆ. ಕುಯ್ಲಿನ ಹೊತ್ತಿಗೂ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಅದರಲ್ಲೇ ಇಳಿದು ತೆನೆಯನ್ನಷ್ಟೇ ಕೊಯ್ಯುತ್ತಾರೆ. ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಹಾಗೆ ಬಿಟ್ಟದ್ದು ಸೋಮಾರಿತನದಿಂದಲ್ಲ. ಕುಯ್ಲು ಮುಗಿದ ಮೇಲೆ ಹಲಗೆ ಎತ್ತಿ ಭರತದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ನೀರಿನ ಜತೆ ಶೆಟ್ಲಿ, ಅಂದರೆ ಸಿಗಡಿಯ ಮರಿ, ಮೀನಿನ ಮರಿ ಬರುತ್ತವೆ. ಕೊಳೆಯುವ ಹುಲ್ಲು ಅವಕ್ಕೆ ಮೇವು. ಬೆಳೆದ ಮೇಲೆ ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ನೆಲ ಮಳೆಗಾಲದಲ್ಲಿ ಅಕ್ಕಿ ಕೊಡುತ್ತದೆ, ಉಳಿದ ತಿಂಗಳುಗಳಲ್ಲಿ ಮೀನು. ಕಾಳು ಹೆಕ್ಕಲು, ಮೀನು ಹಿಡಿಯಲು ಬರುವ ಬೆಳ್ಳಕ್ಕಿಗಳು ಹಿಕ್ಕೆಯ ರೂಪದಲ್ಲಿ ತಮ್ಮ ಪಾಲು ಕೊಟ್ಟು ಹೋಗುತ್ತವೆ. ಇದೇ ಅಳಿವೆಯ ಸಾಣಿಕಟ್ಟಾದಲ್ಲಿ ಇದೇ ನೀರನ್ನು ಉಪ್ಪಿನಾಗರಕ್ಕೆ ಹಾಯಿಸಿ ಉಪ್ಪು ತೆಗೆಯುತ್ತಾರೆ. ಕಗ್ಗದ ಗಂಜಿ, ಶೆಟ್ಲಿ ಚಟ್ನಿ, ಸಾಣಿಕಟ್ಟಾದ ಉಪ್ಪು: ಗಜನಿ ಮನೆಯ ಒಂದು ಹೊತ್ತಿನ ಊಟ ಪೂರ್ತಿ ಈ ಒಂದು ಹೊಳೆಯದ್ದು.

ಈ ಹೊಳೆಯ ಚರಿತ್ರೆ ಕೇಳಿದರೆ ಎಲ್ಲರೂ ಮಿರ್ಜಾನ್ ಕೋಟೆಗೆ ಕೈ ತೋರಿಸುತ್ತಾರೆ. ಕಾಳುಮೆಣಸಿನ ರಾಣಿ ಎನಿಸಿಕೊಂಡ ಚೆನ್ನಭೈರಾದೇವಿ, ಪೋರ್ಚುಗೀಸರು, ಹಡಗು. ಅದೆಲ್ಲ ನಿಜ. ಕೋಟೆಯ ಜಂಬಿಟ್ಟಿಗೆ ಗೋಡೆಯ ಮುಂದೆ ಪುರಾತತ್ವ ಇಲಾಖೆಯ ಫಲಕವೂ ಇದೆ. ಒಡ್ಡಿನ ಮುಂದೆ ಫಲಕವಿಲ್ಲ. ಕೋಟೆ ಕಟ್ಟಿ ಮುಗಿಸಬಹುದಾದದ್ದು, ಒಡ್ಡು ಹಾಗಲ್ಲ. ಪ್ರತಿ ವರ್ಷ ಏಡಿ ಕೊರೆಯುತ್ತದೆ, ನೆರೆ ಕೊಚ್ಚುತ್ತದೆ, ಪ್ರತಿ ವರ್ಷ ಮಣ್ಣು ಹಾಕಬೇಕು. ಹಾಲಕ್ಕಿ, ಪಟಗಾರ, ಅಂಬಿಗ ಮನೆಗಳ ಎಷ್ಟು ತಲೆಮಾರಿನ ಬುಟ್ಟಿ ಮಣ್ಣು ಅದರಲ್ಲಿದೆಯೋ ಲೆಕ್ಕ ಇಟ್ಟವರಿಲ್ಲ. ನನಗೆ ಈ ಊರುಗಳ ಮೊದಲ ದಾಖಲೆ ಎಂದರೆ ಅದೇ ಮಣ್ಣು.

ಒಡ್ಡಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಹೇಳಿದ ಮಾತು: "ತಮಾ, ಗಜನಿ ಒಬ್ರದ್ದಲ್ಲ. ಒಬ್ರು ಬಿಟ್ರೆ ಎಲ್ರದ್ದೂ ಹೋಯ್ತು." ಗದ್ದೆ ಹೆಸರಿಗೆ ಬೇರೆ ಬೇರೆ ಮನೆಗಳದ್ದು, ಆದರೆ ಒಡ್ಡು ಒಂದೇ, ಬಾಗಿಲು ಒಂದೇ. ನೀರು ಬಸಿಯುವುದು, ಬಿತ್ತುವುದು, ಕುಯ್ಲು, ಮತ್ತೆ ನೀರು ಬಿಡುವುದು ಎಲ್ಲ ಮನೆಗಳಿಗೂ ಒಟ್ಟಿಗೇ ಆಗಬೇಕು. ಅಣ್ಣ ತಮ್ಮ ಪಾಲಾದರೂ, ಮಾತು ಬಿಟ್ಟ ಮನೆಗಳಾದರೂ, ಒಡ್ಡಿನ ಕೆಲಸದ ದಿನ ಎದುರೆದುರು ನಿಂತು ಬುಟ್ಟಿ ದಾಟಿಸಬೇಕಾಗಿತ್ತು.

ಹಿಂದೆ ಗದ್ದೆ ಒಡೆಯರದ್ದಾಗಿತ್ತು, ದುಡಿಯುವವರು ಗೇಣಿದಾರರು. ಗೇಣಿ ತೆಗೆದುಕೊಳ್ಳುತ್ತಿದ್ದ ಒಡೆಯರೇ ಒಡ್ಡಿನ ಖರ್ಚಿಗೂ ಹೊಣೆ ಹೊರಬೇಕಿತ್ತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಬಂತು. ಗೇಣಿದಾರರು ಏಳನೇ ನಮೂನೆ ತುಂಬಿ ಡಿಕ್ಲರೇಷನ್ ಕೊಟ್ಟರು. ತನ್ನ ಹೆಸರಿಗೆ ಗದ್ದೆ ಬಂದ ಕಾಗದವನ್ನು ನನ್ನ ಅಜ್ಜ ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದ, ಅದನ್ನು ಬೇರೆ ಕಡೆ ಇಡಲು ಯಾರಿಗೂ ಧೈರ್ಯವಾಗಲಿಲ್ಲ. ಗೇಣಿ ಅಳೆದು ಕೊಟ್ಟು ಉಳಿದದ್ದರಲ್ಲಿ ಮಕ್ಕಳನ್ನು ಸಾಕಿದ ಮನೆಗಳಿಗೆ ಅದು ಎಂಥ ದಿನ ಎಂಬುದು ಬರವಣಿಗೆಯಲ್ಲಿ ಹಿಡಿಯುವಂಥದ್ದಲ್ಲ. ಒಂದು ಕೊರತೆ ಮಾತ್ರ ಉಳಿಯಿತು. ಗದ್ದೆ ತುಂಡಾಗಿ ಒಬ್ಬೊಬ್ಬರ ಹೆಸರಿಗೆ ಬಂತು, ಒಡ್ಡು ಯಾರ ಹೆಸರಿಗೂ ಬರಲಿಲ್ಲ.

ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರ ಕಲ್ಲಿನ ಪಕ್ಕಾ ಒಡ್ಡು ಕಟ್ಟಿಸಿದಾಗ ಊರವರು ಸಂತೋಷಪಟ್ಟರು. ವರ್ಷ ವರ್ಷದ ಮಣ್ಣಿನ ಕೆಲಸ ತಪ್ಪಿತು. ಅದರ ಜತೆಗೆ ವರ್ಷಕ್ಕೊಮ್ಮೆ ಎಲ್ಲರೂ ಕೂಡುವುದೂ ತಪ್ಪಿತು. ಅಲೆಯ ಹೊಡೆತ ತಡೆಯಲೆಂದು ಒಡ್ಡಿನ ಪಕ್ಕ ಬೆಳೆಸಿಕೊಂಡಿದ್ದ ಕಾಂಡ್ಲ ಗಿಡಗಳನ್ನು ನೋಡುವವರು ಕಡಿಮೆಯಾದರು. ಅಷ್ಟರಲ್ಲಿ ಸಿಗಡಿಗೆ ಹೊರದೇಶದ ಬೆಲೆ ಬಂತು. ಗಜನಿಯ ಮೀನಿನ ಹಕ್ಕು ಹರಾಜಾಗತೊಡಗಿತು, ಗುತ್ತಿಗೆ ಹಿಡಿದವರಿಗೆ ವರ್ಷಪೂರ್ತಿ ಉಪ್ಪುನೀರು ಬೇಕಾಯಿತು. ಮೇ ತಿಂಗಳಲ್ಲಿ ನೀರು ಬಸಿಯದಿದ್ದರೆ ಬಿತ್ತನೆಯಿಲ್ಲ. ಕೂತಲ್ಲಿಗೇ ಪಾಲಿನ ಹಣ ಬರುವಾಗ ಕೆಸರಿಗೆ ಇಳಿಯುವವರು ಯಾರು? ಬಡ ಮನೆಗಳನ್ನು ಅದಕ್ಕಾಗಿ ದೂಷಿಸಲಾರೆ. 1990ರ ದಶಕದಲ್ಲಿ ಬಿಳಿಚುಕ್ಕಿ ರೋಗ ಕರಾವಳಿಯ ಸಿಗಡಿ ಕೃಷಿಯನ್ನೇ ನೆಲಕಚ್ಚಿಸಿತು. ಆ ಹೊತ್ತಿಗೆ ಎಷ್ಟೋ ಗಜನಿಗಳಲ್ಲಿ ಬೀಜವೇ ತಪ್ಪಿಹೋಗಿತ್ತು. ಈ ಸೆಖೆ, ಈ ತೇವದಲ್ಲಿ ಭತ್ತದ ಬೀಜವನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲಾಗುವುದಿಲ್ಲ. ಮನೆಯವರು ಬಿತ್ತುವುದನ್ನು ನಿಲ್ಲಿಸಿದರೆ ಆ ಮನೆಯ ತಳಿ ಅಲ್ಲಿಗೇ ಮುಗಿಯಿತು.

ಬಿಟ್ಟ ಗಜನಿಗಳಲ್ಲಿ ಈಗ ಕಾಂಡ್ಲ ತಾನೇ ತಾನಾಗಿ ಬೆಳೆದು ನಿಂತಿದೆ. ಅದೂ ಬೇಕಾದದ್ದೇ, ಮೀನು ಮೊಟ್ಟೆಯಿಡುವ ಜಾಗ. ಆದರೆ ಅದರ ಬೇರಿನ ಕೆಳಗೆ ಒಂದು ಕಾಲದ ಗದ್ದೆಯ ಗಡಿಗಳಿವೆ, ಅವುಗಳನ್ನು ಗುರುತಿಸಿ ಇದು ಇಂಥವರದ್ದು ಎನ್ನಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಮಾಣಿಕಟ್ಟಾದಲ್ಲಿ ಮಾತ್ರ ರೈತರು ಗುಂಪಾಗಿ ನಿಂತು ಕಗ್ಗವನ್ನು ಬಿಡದೆ ಬಿತ್ತಿಕೊಂಡು ಬಂದರು. ಮತ್ತೆ ಬೆಳೆಯಬೇಕೆನ್ನುವ ಊರುಗಳಿಗೆ ಬೀಜ ಕೊಡಲು ಸಾಧ್ಯವಾಗಿರುವುದು ಅಂಥ ಗುಂಪುಗಳಿಂದಲೇ. 2019ರ ಆಗಸ್ಟಿನ ನೆರೆಯಂಥ ನೆರೆಗಳನ್ನು ಆ ಬೀಜ ಕಂಡಿದೆ.

ಹೊಳೆಯ ಬಾಯಿಗೆ ಏನೇನೋ ಬರುವುದಿತ್ತು. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಎಂದು ಹೊರಟದ್ದು ಜನರ ವಿರೋಧದಿಂದ ನಿಂತಿತು. 2024ರ ಜನವರಿಯಲ್ಲಿ 4,801 ಹೆಕ್ಟೇರ್‌ನ ಅಘನಾಶಿನಿ ಅಳಿವೆ ರಾಮ್ಸಾರ್ ತಾಣವೆಂದು ಘೋಷಣೆಯಾಯಿತು. ಹಕ್ಕಿ, ಕಾಂಡ್ಲ, ಬಳಚುಗಳಿಗೆ ಸಂದ ಗೌರವ ಅದು, ನನಗೂ ಹೆಮ್ಮೆ. ಆದರೆ ಆ ಹೆಕ್ಟೇರುಗಳ ಲೆಕ್ಕದಲ್ಲಿ ಒಡ್ಡು ಕಾಯುವ ಮನೆಗಳನ್ನೂ ಸೇರಿಸಬೇಕು. ಒಡೆದ ಒಡ್ಡಿನ ದುರಸ್ತಿ ಮಳೆ ಹಿಡಿಯುವ ಮುಂಚೆ ಮುಗಿಯಬೇಕು, ಮುಗಿಯದಿದ್ದರೆ ಆ ವರ್ಷ ಬಿತ್ತನೆ ಇಲ್ಲ. ಆ ಕೆಲಸ, ಅದರ ಕೂಲಿ ಊರವರಿಗೇ ಸಿಗಬೇಕು, ಒಡ್ಡು ಎಲ್ಲಿ ಸೋರುತ್ತದೆಂದು ಅವರಿಗೆ ಗೊತ್ತು. ಸಿಗಡಿಯ ಹರಾಜು ನಡೆಯಲಿ, ಆದರೆ ಕರಾರಿನಲ್ಲಿ ನೀರು ಬಸಿದು ಗಜನಿಯನ್ನು ಊರಿಗೆ ಬಿಟ್ಟುಕೊಡುವ ದಿನವನ್ನು ಬರೆಸಬೇಕು, ಹಲಗೆಬಾಗಿಲ ಬೀಗದ ಕೈ ಬಿತ್ತುವವರ ಬಳಿ ಇರಬೇಕು.