ಹಳೆಯ ಕಂಪ್ಯೂಟರ್ ಏಕೆ ಏಳಲಿಲ್ಲ?

ಮಕ್ಕಳೇ, ದೇವರಗುಡ್ಡದ ಕಾರಣಿಕವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ದಸರಾ ಹೊತ್ತಿನಲ್ಲಿ ಗೊರವಯ್ಯನವರು ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ ನೆರೆದ ಜನರೆಲ್ಲ ಸುಮ್ಮನಾಗುತ್ತಾರೆ. ಅದೇ ಊರಿನಲ್ಲಿ ಒಮ್ಮೆ ನಾನೂ ಏಳನೆಯ ತರಗತಿಯವರಿಗೆ “ಸದ್ದು ಮಾಡಬೇಡಿ” ಎನ್ನಬೇಕಾಯಿತು. ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರ್ ತನ್ನ ಕಾಯಿಲೆಯನ್ನು ಸದ್ದಿನಲ್ಲೇ ಹೇಳುತ್ತಿತ್ತು!

ಅದರ ಹೆಸರು ಬಿಬಿಸಿ ಮೈಕ್ರೋ. 1981ರಲ್ಲಿ ಇಂಗ್ಲೆಂಡಿನಲ್ಲಿ ಮನೆ ಮತ್ತು ಶಾಲೆಗಳಿಗಾಗಿ ಬಂದ ಯಂತ್ರ. ನಮ್ಮ ದೇಶದಲ್ಲಿ 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಇದನ್ನೇ. ಕೀಲಿಮಣೆಯ ಪೆಟ್ಟಿಗೆಯೊಳಗೇ ಇಡೀ ಕಂಪ್ಯೂಟರ್ ಇರುತ್ತದೆ. ಪರದೆಗೆ ಟಿ.ವಿ. ಸಾಕು. ಅದರ ನೆನಪಿನ ಶಕ್ತಿ ಬರೀ 32 ಕಿಲೋಬೈಟ್. 4 ಗಿಗಾಬೈಟಿನ ಮೊಬೈಲಿಗೆ ಅದರ ಒಂದು ಲಕ್ಷ ಪಟ್ಟಿಗಿಂತ ಹೆಚ್ಚು ನೆನಪಿದೆ.

ಈ ಯಂತ್ರ ನನ್ನ ಕೈಗೆ ಬಂದ ದಿನ ನಾನೊಂದು ತಪ್ಪು ಮಾಡಿದೆ. ವರ್ಷಗಟ್ಟಲೆ ಮೂಲೆಯಲ್ಲಿದ್ದುದನ್ನು ಒರೆಸಿ, ನೇರವಾಗಿ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದೆ. ಐದೇ ನಿಮಿಷದಲ್ಲಿ ‘ಪಟ್’ ಎಂದಿತು. ಕೋಣೆಯ ತುಂಬ ಹೊಗೆ, ಸುಟ್ಟ ವಾಸನೆ! ಇಂಥ ಯಂತ್ರಗಳಲ್ಲಿ ಮನೆಯ 230 ವೋಲ್ಟಿನ ವಿದ್ಯುತ್ತು ಬರುವ ಕಡೆ ಕೆಪಾಸಿಟರುಗಳಿರುತ್ತವೆ. ವಯಸ್ಸಾದಂತೆ ಅವುಗಳ ಹೊದಿಕೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ತೇವ ಸೇರಿ ಒಳಗಿನ ಕಾಗದ ಸುಡುತ್ತದೆ. ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಘಟಕದೊಳಗೆ ಅಪಾಯಕಾರಿ ಆವೇಶ ಉಳಿದಿರಬಹುದು. ಆದ್ದರಿಂದ ಇಂಥ ಪೆಟ್ಟಿಗೆಯನ್ನು ನೀವು ಬಿಚ್ಚಲೇಬಾರದು, ಅದು ತಿಳಿದ ಮೆಕ್ಯಾನಿಕ್ ಕೆಲಸ. ನಾನೂ ಅವರಿಗೇ ಒಪ್ಪಿಸಿದೆ.

ರಿಪೇರಿಯಾದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ದೇವರಗುಡ್ಡಕ್ಕೆ ಹೋದೆ. ಸ್ವಿಚ್ ಹಾಕಿದೆ. ಪರದೆ ಕಪ್ಪು! “ಟಿ.ವಿ. ಕೆಟ್ಟಿದೆ ಸರ್” ಎಂದ ಒಬ್ಬ. “ಕರೆಂಟೇ ಇಲ್ಲ” ಎಂದಳು ಇನ್ನೊಬ್ಬಳು. ಆಗಲೇ ನಾನು ಸುಮ್ಮನಿರಲು ಹೇಳಿದ್ದು. ಯಂತ್ರದಿಂದ “ಬೂ…” ಎಂಬ ದಪ್ಪ ಸ್ವರ ನಿಲ್ಲದೆ ಬರುತ್ತಿತ್ತು.

ಕರೆಂಟ್ ಇಲ್ಲದಿದ್ದರೆ ಸದ್ದು ಬರುತ್ತಿತ್ತೇ? ಇಲ್ಲ. ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಮೊದಲು ದಪ್ಪಗೆ “ಬೂ” ಎಂದು, ತಕ್ಷಣವೇ ಸಣ್ಣಗೆ “ಬೀಪ್” ಎನ್ನುತ್ತದೆ. ವಿದ್ಯುತ್ತು ಸಿಕ್ಕೊಡನೆ ಸದ್ದಿನ ಚಿಪ್ ತಾನಾಗಿಯೇ ಕೂಗಲು ತೊಡಗುತ್ತದೆ. ಅದನ್ನು ಸುಮ್ಮನಾಗಿಸುವುದು ಯಂತ್ರದ ಕಾರ್ಯಕ್ರಮ. “ಬೂ” ನಿಲ್ಲಲಿಲ್ಲವೆಂದರೆ ಆ ಕಾರ್ಯಕ್ರಮ ಓಡುತ್ತಿಲ್ಲ ಎಂದಾಯಿತು. ಟಿ.ವಿ.ಯನ್ನು ದೂರುವ ಮೊದಲು ಇದನ್ನು ನೋಡಬೇಕು.

ಕಾರ್ಯಕ್ರಮ ಏಕೆ ಓಡಲಿಲ್ಲ? ಕಂಪ್ಯೂಟರಿನ ಮಿದುಳು 6502 ಎಂಬ ಪ್ರೊಸೆಸರ್. ಎಚ್ಚರವಾದಾಗ ಅದಕ್ಕೆ ಏನೂ ತಿಳಿದಿರುವುದಿಲ್ಲ. ಅದು ನೆನಪಿನ 65,532 ಮತ್ತು 65,533ನೇ ಮನೆಗಳನ್ನು ಓದುತ್ತದೆ. ಕೆಲಸ ಎಲ್ಲಿಂದ ಆರಂಭಿಸಬೇಕೆಂಬ ವಿಳಾಸ ಅಲ್ಲಿ ಬರೆದಿರುತ್ತದೆ. ಹೊಸ ಊರಿಗೆ ಬಂದವರು ಚೀಟಿಯಲ್ಲಿನ ವಿಳಾಸ ನೋಡಿ ಮನೆ ಹುಡುಕುವಂತೆಯೇ! ಆ ಎರಡು ಮನೆಗಳಿರುವುದು ರಾಮ್ ಎಂಬ ಅಳಿಸುವ ನೆನಪಿನಲ್ಲಲ್ಲ, ರೋಮ್ ಎಂಬ ಅಳಿಸದ ಚಿಪ್‌ನಲ್ಲಿ. ಅದರ 28 ಕಾಲುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ವಿಳಾಸ ತಪ್ಪಬಹುದು. ಆಮೇಲೆ ಪ್ರೊಸೆಸರ್ ಎಲ್ಲಿಗೋ ಹೋಗಿಬಿಡುತ್ತದೆ.

ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದೆ. ಲೋಹದ ಕಿಟಕಿ ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡೆ. ವಿದ್ಯುತ್ ಘಟಕಕ್ಕೆ ಕೈ ಹಚ್ಚಲಿಲ್ಲ. ರೋಮ್ ಚಿಪ್ಪಿನ ಒಂದು ತುದಿ ಸಾಕೆಟ್ಟಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಚಿಪ್ ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ವರ್ಷಗಳಲ್ಲಿ ಹೀಗೆ ಜಾರುವುದುಂಟು. ಬಸ್ಸಿನ ಕುಲುಕಾಟವೂ ಸೇರಿರಬೇಕು. ಎರಡು ಹೆಬ್ಬೆರಳಿನಿಂದ ಸಮನಾಗಿ ಒತ್ತಿದೆ. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಯಾವುದು ಕಾರಣವೆಂದು ತಿಳಿಯುವುದು ಹೇಗೆ?

ಮುಚ್ಚಳ ಹಾಕಿ ಸ್ವಿಚ್ ಒತ್ತಿದೆ. “ಬೂ… ಬೀಪ್!” ಪರದೆಯಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಇಂಗ್ಲಿಷ್ ಅಕ್ಷರಗಳು ಮೂಡಿದವು. ಕರೆಂಟೇ ಇಲ್ಲವೆಂದಿದ್ದ ಹುಡುಗಿ ಮುಂದೆ ಬಂದು, ನಾನು ಹೇಳಿದಂತೆ ‘ಪ್ರಿಂಟ್ 7*8’ ಎಂದು ಒಂದೊಂದೇ ಕೀಲಿ ಹುಡುಕಿ ಒತ್ತಿದಳು. 56 ಎಂದು ಬಂತು.