ತುಂಗೆಯ ಮೀನು ನೀರು ಕುಡಿಯುತ್ತದೆಯೇ?

ಶೃಂಗೇರಿ ಮಠದ ಹತ್ತಿರ ಮೆಟ್ಟಿಲ ಮೇಲೆ ನಿಂತು ಹೊಳೆಯ ಮೀನು ನೋಡದವರು ನಮ್ಮ ತರಗತಿಯಲ್ಲಿ ಯಾರೂ ಇರಲಿಕ್ಕಿಲ್ಲ. ಅವು ಬಾಯಿ ತೆರೆದು ಮುಚ್ಚುತ್ತಲೇ ಇರುತ್ತವೆ. "ಇಷ್ಟು ನೀರು ಕುಡಿದರೆ ಹೊಟ್ಟೆ ಒಡೆಯಲ್ವಾ?" ಅಂತ ನನ್ನ ತಮ್ಮ ಕೇಳಿದ. ಇದರ ಉತ್ತರ ಅಡಿಗೆಮನೆಯ ಜಾಡಿಯಲ್ಲಿದೆ!

ಮಾವಿನ ಮಿಡಿಗೆ ಅಮ್ಮ ಬರೀ ಕಲ್ಲುಪ್ಪು ಹಾಕಿಡ್ತಾರೆ, ಒಂದು ತೊಟ್ಟು ನೀರು ಸೋಕಿಸುವುದಿಲ್ಲ. ಆದರೂ ಕೆಲವು ದಿನಗಳಲ್ಲಿ ಮಿಡಿ ಚಿರುಟಿ, ಜಾಡಿಯಲ್ಲಿ ಉಪ್ಪುನೀರು ನಿಲ್ಲುತ್ತದೆ. ಅದು ಮಿಡಿಯ ಒಳಗಿನ ನೀರೇ. ಪ್ರತಿ ಜೀವಕೋಶದ ಸುತ್ತ ತೆಳುವಾದ ಪೊರೆ ಇದೆ. ಅದು ನೀರನ್ನು ದಾಟಲು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಉಪ್ಪು ಯಾವ ಕಡೆ ಹೆಚ್ಚೋ ಆ ಕಡೆಗೆ ನೀರು ಸರಿಯುತ್ತದೆ. ಇದೇ ಅಭಿಸರಣೆ. (ಕೋಶ ಸತ್ತ ಮೇಲೆ ಪೊರೆ ಕೆಟ್ಟು ಉಪ್ಪೂ ಒಳಗೆ ಹೋಗುತ್ತದೆ. ಇಲ್ಲದಿದ್ದರೆ ಉಪ್ಪಿನಕಾಯಿಗೆ ರುಚಿ ಎಲ್ಲಿಂದ?)

ಈಗ ಮೀನಿಗೆ ಬರೋಣ. ತುಂಗೆಯ ನೀರು ಸಪ್ಪೆ, ಮೀನಿನ ರಕ್ತ ಉಪ್ಪು. ಹಾಗಾಗಿ ಕಿವಿರಿನ ಮೂಲಕ ನೀರು ತಾನಾಗಿಯೇ ಮೈಯೊಳಗೆ ನುಗ್ಗುತ್ತದೆ. ಅದು ಬೇರೆ ಕುಡಿಯಬೇಕಾಗಿಯೇ ಇಲ್ಲ! ಬಾಯಿ ತೆರೆಯುವುದು ಉಸಿರಾಟಕ್ಕೆ. ಆ ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ. ನುಗ್ಗಿದ ನೀರನ್ನು ಮೂತ್ರಪಿಂಡ ಹಗಲೂ ರಾತ್ರಿ ಹೊರಗೆ ಹಾಕಬೇಕು. ಜೊತೆಯಲ್ಲಿ ಸ್ವಲ್ಪ ಉಪ್ಪೂ ಹೋಗುತ್ತದೆ. ಅದಕ್ಕೆ ಕಿವಿರಿನ ಕೆಲವು ಕೋಶಗಳು ಹೊಳೆಯ ನೀರಿನಿಂದ ಉಪ್ಪನ್ನು ಹೆಕ್ಕಿ ಒಳಗೆ ತರುತ್ತವೆ. ಸಪ್ಪೆ ನೀರಲ್ಲೂ ಚೂರು ಉಪ್ಪಿನ ಅಂಶ ಇರುತ್ತದೆ.

ಘಟ್ಟ ಹತ್ತಿ ನಮ್ಮ ಪೇಟೆಗೆ ಬರುವ ಬಂಗುಡೆಯದು ತಿರುವುಮುರುವು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೀನಿನ ರಕ್ತದಲ್ಲಿ ಅದರ ಮೂರನೇ ಒಂದು ಪಾಲಿನಷ್ಟು. ಹಾಗಾಗಿ ಜಾಡಿಯ ಮಿಡಿಯ ಹಾಗೆ ಅದರ ಮೈಯ ನೀರು ಹೊರಗೆ ಹೋಗ್ತಾನೇ ಇರುತ್ತದೆ. ಪಾಪ, ಅದು ಸಮುದ್ರದ ನೀರನ್ನೇ ಕುಡಿದು ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಗೆ ದೂಡುತ್ತದೆ.

ಹಾಗಾದರೆ ಕೆರೆಯ ಅಮೀಬಾ ಏನು ಮಾಡಬೇಕು? ಅದಕ್ಕೆ ಇರುವುದೇ ಒಂದು ಕೋಶ. ಅದರಲ್ಲಿ ಸಂಕೋಚಕ ರಸದಾನಿ ಎಂಬ ಗುಳ್ಳೆ ಇದೆ. ಅದು ನೀರು ತುಂಬಿ ಉಬ್ಬುತ್ತದೆ, ಹೊರಗೆ ಚೆಲ್ಲುತ್ತದೆ, ಮತ್ತೆ ತುಂಬುತ್ತದೆ. ತೂತು ದೋಣಿಯಲ್ಲಿ ಕೂತು ನೀರು ಮೊಗೆದ ಹಾಗೆ. ಮೊಗೆಯುವುದು ನಿಂತರೆ ಅಮೀಬಾ ಒಡೆದೇ ಹೋಗುತ್ತದೆ.

ನಮ್ಮ ರಕ್ತದ ಕೆಂಪು ಕಣಕ್ಕೆ ಆ ಗುಳ್ಳೆಯೂ ಇಲ್ಲ. ಬರೀ ನೀರಿಗೆ ಬಿದ್ದರೆ ಉಬ್ಬಿ ಒಡೆಯುತ್ತದೆ, ಉಪ್ಪು ಹೆಚ್ಚಾದರೆ ಮಿಡಿಯಂತೆ ಚಿರುಟುತ್ತದೆ. ಆಸ್ಪತ್ರೆಯಲ್ಲಿ ನೇತುಹಾಕುವ ಸಲೈನ್ ಬಾಟ್ಲಿಯಲ್ಲಿ ಲೀಟರಿಗೆ ಸರಿಯಾಗಿ 9 ಗ್ರಾಂ ಉಪ್ಪು ಇರುವುದು ಅದಕ್ಕೇ.