ಮನೆಯವರ ಆರೋಗ್ಯಕ್ಕೂ ವಿಮೆ



ಮಳೆಗಾಲಕ್ಕೆ ಮೊದಲೇ ಮಾಳಿಗೆಗೆ ಮಣ್ಣು ಹಾಕುವುದು ನಮ್ಮ ಕಡೆಯ ಪದ್ಧತಿ. ಮಳೆ ಸುರಿಯುವಾಗ ಮಣ್ಣಿನ ಬುಟ್ಟಿ ಹೊತ್ತು ಮಾಳಿಗೆ ಏರಿದವನನ್ನು ಕಂಡು ಜನ ನಗುತ್ತಾರೆ. ಆದರೆ ಬೇನೆಯ ವಿಷಯದಲ್ಲಿ ನಾವು ಮಾಡುವುದೇನು? ದವಾಖಾನೆಯ ಬಾಗಿಲಿಗೆ ಹೋದ ಮೇಲೆ ರೊಕ್ಕದ ವಿಚಾರ ಮಾಡುತ್ತೇವೆ. ಆಗ ಬಡ್ಡಿ ಸಾಲ, ಅದು ಸಾಲದಿದ್ದರೆ ಎತ್ತಿನ ಮಾರಾಟ, ಕೊನೆಗೆ ಹೊಲವೇ ಒತ್ತೆ. ಬೇನೆಯವರು ಗುಣವಾಗಿ ಮನೆಗೆ ಬರುತ್ತಾರೆ, ಸಂಸಾರ ಮಾತ್ರ ಏಳುವುದಿಲ್ಲ. ಇದನ್ನು ತಪ್ಪಿಸಲು ಆರೋಗ್ಯ ವಿಮೆ ಇದೆ. ಅದನ್ನು ಕಡಿಮೆ ಖರ್ಚಿನಲ್ಲಿ ಹೇಗೆ ಪಡೆಯಬೇಕೆಂಬುದೇ ಇಂದಿನ ಮಾತು.

ವಿಮೆ ಎಂದರೆ ಹನಿ ಹನಿ ಗೂಡಿದರೆ ಹಳ್ಳ ಎಂಬ ಲೆಕ್ಕ. 1000 ಮನೆಯವರು ತಲಾ 500 ರೂಪಾಯಿ ಹಾಕಿದರೆ 5 ಲಕ್ಷ ರೂಪಾಯಿ ಕೂಡುತ್ತದೆ. ಆ ವರ್ಷ ದೊಡ್ಡ ಬೇನೆ ಬರುವುದು ಕೆಲವೇ ಮನೆಗಳಿಗೆ. ಆ ಮನೆಗಳ ಖರ್ಚನ್ನು ಈ ಗಂಟು ಹೊರುತ್ತದೆ. ಬೇನೆ ಬಂದವರಷ್ಟೇ ಹಣ ಹಾಕಿದರೆ ಗಂಟು ಕೂಡುವುದೇ ಇಲ್ಲ. ಆದ್ದರಿಂದಲೇ ವಿಮೆಯನ್ನು ಮೈ ಗಟ್ಟಿ ಇದ್ದಾಗಲೇ ಮಾಡಿಸಬೇಕು.

ಮೊದಲನೆಯ ಕೆಲಸ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾರ್ಡು. ರಾಜ್ಯದ ಮತ್ತು ಕೇಂದ್ರದ ಯೋಜನೆಗಳು 2018ರಲ್ಲಿ ಕೂಡಿ ಇದು ಆಯಿತು. ಬಿ.ಪಿ.ಎಲ್. ಪಡಿತರ ಚೀಟಿ ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದಕ್ಕೆ ಕಂತು ಕಟ್ಟಬೇಕಾಗಿಲ್ಲ. ಎ.ಪಿ.ಎಲ್. ಚೀಟಿಯವರಿಗೆ ಯೋಜನೆಯ ದರದ 100ಕ್ಕೆ 30 ಪಾಲು ಮಾತ್ರ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಕೊಡುತ್ತದೆ. ಉಳಿದ 70 ಪಾಲು ನಮ್ಮದೇ.

ಈ ಯೋಜನೆಯಲ್ಲಿ ಒಂದು ಕಟ್ಟಳೆ ಇದೆ, ಮರೆಯಬೇಡಿರಿ. ಮೊದಲು ಸರ್ಕಾರಿ ದವಾಖಾನೆಗೆ ಹೋಗಬೇಕು. ಬಾದಾಮಿ, ಹುನಗುಂದದ ತಾಲ್ಲೂಕು ಆಸ್ಪತ್ರೆಯಾಗಲಿ, ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯಾಗಲಿ ಆದೀತು. ಅಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಯ ವೈದ್ಯರು ಶಿಫಾರಸು ಪತ್ರ ಕೊಡುತ್ತಾರೆ. ಆ ಪತ್ರ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪತ್ರವಿಲ್ಲದೆ ನೇರವಾಗಿ ಖಾಸಗಿಗೆ ಹೋಗಿ, ಆಮೇಲೆ ಕಾರ್ಡು ತೋರಿಸಿದರೆ ಉಪಯೋಗವಿಲ್ಲ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಸ್ಥಿತಿಗಳಿಗೆ ಮಾತ್ರ ಈ ಪತ್ರ ಬೇಡ. ಆಗ 108ಕ್ಕೆ ಫೋನು ಮಾಡಿರಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಕಾಗದಪತ್ರದ ಕೆಲಸಕ್ಕೆ ಅವರನ್ನೇ ಕೇಳಿರಿ.

ಎರಡನೆಯದು ಯಶಸ್ವಿನಿ. ಇದು ಸಹಕಾರಿ ರೈತರದೇ ಯೋಜನೆ. ಹಿಂದುಸ್ತಾನದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ್ದು ನಮ್ಮ ನೆರೆಯ ಗದಗಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ಸಾಲಕ್ಕೆಂದು ಕೂಡಿದ ಕೈಗಳು ಬೇನೆಗೂ ಕೂಡಬಹುದಲ್ಲವೇ? ಹೃದಯ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿಯವರು ಮತ್ತು ರಾಜ್ಯದ ಸಹಕಾರ ಇಲಾಖೆ ಕೂಡಿ ಯೋಚಿಸಿದ ಈ ಯೋಜನೆ 2003ರ ಜೂನಿನಲ್ಲಿ ನಡೆಯತೊಡಗಿತು. ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. 2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. ಮತ್ತೆ ಬೇರೆಯಾಗಿ 2022ರ ನವೆಂಬರಿನಲ್ಲಿ ನೋಂದಣಿ ಆರಂಭವಾಗಿ, 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು.

ಆಗ ಗೊತ್ತುಮಾಡಿದ ವಂತಿಗೆ ಹೀಗಿದೆ: ಹಳ್ಳಿಯ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂಪಾಯಿ. ಪಟ್ಟಣದ ಸಂಘದವರಿಗೆ ನಾಲ್ವರಿಗೆ 1000, ಹೆಚ್ಚಿನವರಿಗೆ ತಲಾ 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ತುಂಬುತ್ತದೆ. ಮಿತಿ ವರ್ಷಕ್ಕೆ 5 ಲಕ್ಷ ರೂಪಾಯಿ. ಇಳಕಲ್ಲಿನ ನೇಕಾರರೂ ತಮ್ಮ ಸಹಕಾರ ಸಂಘದ ಮೂಲಕ ಸೇರಬಹುದು. ಆದರೆ ಬಾಗಿಲು ವರ್ಷವಿಡೀ ತೆರೆದಿರುವುದಿಲ್ಲ. ನೋಂದಣಿಗೆ ಇಂತಿಷ್ಟೇ ದಿನ ಎಂದು ಗೊತ್ತುಮಾಡುತ್ತಾರೆ. ಸೊಸೈಟಿಯ ಕಾರ್ಯದರ್ಶಿಯವರನ್ನು ಕಂಡು ಈ ವರ್ಷದ ದಿನಾಂಕ, ದರ ಎರಡನ್ನೂ ಕೇಳಿರಿ. ಹಣ ಕಟ್ಟಿ ರಸೀದಿ ಇಸಿದುಕೊಳ್ಳಿರಿ.

ಇನ್ನು ಮೂರನೆಯದು. ಪಡಿತರ ಚೀಟಿಯಲ್ಲಿ ಹೆಸರಿಲ್ಲದವರು, ಸಂಘದ ಸದಸ್ಯರಲ್ಲದವರು ಇರುತ್ತಾರೆ. ಹೊಲ ಬಿಟ್ಟು ವಿದ್ಯಾಗಿರಿಯಲ್ಲಿ ಖೋಲಿ ಹಿಡಿದು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿಯುವ ನಿಮ್ಮ ಮಗನೇ ಇರಬಹುದು. ಇಂಥ ಒಬ್ಬೊಂಟಿಗರು ವಿಮಾ ಕಂಪನಿಯಿಂದ ಸ್ವಂತ ಪಾಲಿಸಿ ಕೊಳ್ಳಬೇಕಾಗುತ್ತದೆ. ಅವರು ಮೊದಲು ನೋಡಬೇಕಾದದ್ದು 'ಆರೋಗ್ಯ ಸಂಜೀವನಿ' ಎಂಬ ಪಾಲಿಸಿ. 2020ರ ಏಪ್ರಿಲಿನಿಂದ ಬಂದ ಈ ಪಾಲಿಸಿಯ ಕರಾರುಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಆದ್ದರಿಂದ ಎರಡು ಮೂರು ಕಡೆ ದರ ವಿಚಾರಿಸಿ ಕಡಿಮೆ ಇದ್ದಲ್ಲಿ ಕೊಳ್ಳಬಹುದು. ಇದರಲ್ಲಿ 100ಕ್ಕೆ 5 ರೂಪಾಯಿ ನಾವು ಹಾಕಬೇಕು. ವಿಮೆಗೆ ಒಪ್ಪುವ ಬಿಲ್ಲು 1 ಲಕ್ಷವಾದರೆ 5000 ರೂಪಾಯಿ ನಮ್ಮ ಕೈಯಿಂದ. ಸ್ವಂತ ಆರೋಗ್ಯ ಪಾಲಿಸಿಯ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಅದನ್ನು ಸೇರಿಸಿ ಯಾರಾದರೂ ಲೆಕ್ಕ ಹೇಳಿದರೆ ಒಪ್ಪಬೇಡಿರಿ.

ಸ್ವಂತ ಪಾಲಿಸಿ ಕೊಳ್ಳುವವರು ಈ ಪ್ರಶ್ನೆಗಳನ್ನು ಕೇಳಲೇಬೇಕು. ಎಷ್ಟು ದಿನ ಕಾಯಬೇಕು? ಸಾಮಾನ್ಯವಾಗಿ ಅಪಘಾತ ಬಿಟ್ಟು ಉಳಿದ ಬೇನೆಗೆ ಮೊದಲ 30 ದಿನ ಹಣ ಸಿಗದು. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಎಷ್ಟು ವರ್ಷ? 2024ರ ನಿಯಮದಂತೆ 3 ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಆಸ್ಪತ್ರೆಯ ಖೋಲಿ ಬಾಡಿಗೆಗೆ ಮಿತಿ ಎಷ್ಟು? ನಮಗೆ ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ? ಮತ್ತು ಅರ್ಜಿಯಲ್ಲಿ ಇದ್ದ ಬೇನೆಯನ್ನು ಮುಚ್ಚಿಡಬೇಡಿರಿ. ಏಜೆಂಟರು "ಬರೆಯೋದು ಬ್ಯಾಡ ಬಿಡ್ರಿ" ಎಂದರೂ ಬರೆಯಿರಿ. ಮುಚ್ಚಿಟ್ಟ ಸಂಗತಿ ಹಣ ಕೇಳುವ ಹೊತ್ತಿಗೆ ಹೊರಬೀಳುತ್ತದೆ, ಕಟ್ಟಿದ ಕಂತು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಕೆಲವರು "ನಮ್ಮದು ಬ್ಯಾಂಕಿನಾಗ ವಿಮಾ ಐತಲ್ರೀ, ವರ್ಷಕ್ಕ 20 ರೂಪಾಯಿ ಮುರೀತಾರ" ಅನ್ನುತ್ತಾರೆ. ಅದು ಸುರಕ್ಷಾ ಬಿಮಾ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ, ಅಂಗ ಊನವಾದರೆ ಪರಿಹಾರ ಕೊಡುವ ವಿಮೆ. ಅದೂ ಇರಲಿ, ಒಳ್ಳೆಯದೇ. ಆದರೆ ಕರುಳಬೇನೆಗೋ ಹೃದಯದ ಬೇನೆಗೋ ದವಾಖಾನೆ ಸೇರಿದರೆ ಅದರಿಂದ ಒಂದು ಪೈಸೆಯೂ ಬಾರದು. ಬೆಳೆ ವಿಮೆ ಬೆಳೆಗೆ, ಜೀವ ವಿಮೆ ಜೀವಕ್ಕೆ, ಅಪಘಾತ ವಿಮೆ ಅಪಘಾತಕ್ಕೆ. ದವಾಖಾನೆ ಖರ್ಚಿಗೆ ಆರೋಗ್ಯ ವಿಮೆಯೇ ಬೇಕು.

ಮೇಲಿನ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆ ಸೇರಿದವರಿಗೆ ಎಂಬುದೂ ನೆನಪಿರಲಿ. ನೆಗಡಿ ಜ್ವರದ ಗುಳಿಗೆಗೆ, ಹೋಗಿ ಬರುವ ಖರ್ಚಿಗೆ, ಕೂಲಿ ತಪ್ಪಿದ್ದಕ್ಕೆ ಮನೆಯಲ್ಲಿ ಒಂದಿಷ್ಟು ರೊಕ್ಕ ಬೇರೆ ಇಟ್ಟುಕೊಳ್ಳಿರಿ.

ಈ ವಾರವೇ ಮನೆಯ ಎಲ್ಲರ ಆಧಾರ್ ಕಾರ್ಡನ್ನೂ ಪಡಿತರ ಚೀಟಿಯನ್ನೂ ಎದುರಿಗೆ ಇಟ್ಟುಕೊಂಡು ಕೂಡಿರಿ. ಹೊಸದಾಗಿ ಬಂದ ಸೊಸೆಯ ಹೆಸರು, ಹುಟ್ಟಿದ ಕೂಸಿನ ಹೆಸರು ಚೀಟಿಯಲ್ಲಿ ಸೇರಿದೆಯೇ ನೋಡಿರಿ. ಅಜ್ಜಿಯ ಹೆಸರು ಎರಡು ಕಡೆ ಬೇರೆ ಬೇರೆಯಾಗಿದ್ದರೆ ಈಗಲೇ ತಿದ್ದಿಸಿರಿ. ಆಮೇಲೆ ಗ್ರಾಮ ಒನ್ ಕೇಂದ್ರದಲ್ಲಿ ಆಯುಷ್ಮಾನ್ ಕಾರ್ಡು, ಸೊಸೈಟಿಯಲ್ಲಿ ಯಶಸ್ವಿನಿಯ ವಿಚಾರಣೆ. ಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ, ಬಿತ್ತನೆಯ ಬೀಜಕ್ಕೆ ತೆಗೆದಿಡುವಂತೆ ಈ ವಂತಿಗೆಯನ್ನೂ ತೆಗೆದಿಡಿರಿ. ಬೀಜ ಉಳಿದರೆ ಮುಂದಿನ ಬೆಳೆ. ಹೊಲ ಉಳಿದರೆ ಮುಂದಿನ ಪೀಳಿಗೆ.